ಇಳಿಸಿಟ್ಟ ಕೋವಿ

ಕೊಲ್ಲುವುದಕ್ಕೆಂದೇ ನಿರ್ಮಿತವಾದ ಒಂದು ವಸ್ತುವನ್ನು, ಕೊಲ್ಲಬೇಕೆಂಬ ಇಚ್ಛೆಯನ್ನು ತೊರೆದ ಮನುಷ್ಯನೊಬ್ಬನು ಮನಸಾರೆ ಪ್ರೀತಿಸುವುದು ಸಾಧ್ಯವೆ? ಸಾಧ್ಯವಾದರೆ ಆ ಪ್ರೀತಿಯು ನಿರ್ದೋಷವೆ? ಹಳೆಯ ಬೇಟೆಯ ರೈಫಲ್ಲುಗಳನ್ನು, ಅವುಗಳಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಎರಡನೆಯ ಮಹಾಯುದ್ಧದವರೆಗಿನ ಬೋಲ್ಟ್ ಆಕ್ಷನ್ ರೈಫಲ್ಲುಗಳನ್ನು ಹುಡುಕಿ ತಂದು, ಎಣ್ಣೆಯೊರಸಿ, ಬೀರುವಿನಲ್ಲಿರಿಸಿ, ಅವುಗಳ ಮೇಲಣ ಅಂಕಿಗಳನ್ನೂ ಮುದ್ರೆಗಳನ್ನೂ ಓದಿ ಆನಂದಿಸುವ ಜನರು ಅನೇಕ ದೇಶಗಳಲ್ಲಿದ್ದಾರೆ. ನಮ್ಮಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದೀಚೆಗೆ ಬೇಟೆಯು ನಿಷಿದ್ಧವಾಗಿದ್ದರೂ, ತಾತನ ಕಾಲದ ರೈಫಲ್ಲನ್ನು ಲೈಸೆನ್ಸಿನ ಇಲ್ಲವೆ ವಿನಾಯಿತಿಯ ಕಾಗದದೊಡನೆ ಕಾಪಾಡಿಕೊಂಡು ಬಂದಿರುವ ಮನೆತನಗಳು ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಹಳೆಯ ಸಂಸ್ಥಾನಗಳ ಅರಮನೆಗಳಲ್ಲಿಯೂ ಇನ್ನೂ ಉಂಟು. ಇಂಥವರಲ್ಲಿ ಒಂದು ಹಕ್ಕಿಯನ್ನೂ ಹೊಡೆದಿರದ ಮೃದುಹೃದಯರು ಹಲವರಿದ್ದಾರೆ. ಮನೆಯ ಕರು ಕುಂಟಿದರೆ ರಾತ್ರಿಯೆಲ್ಲ ನಿದ್ದೆಗೆಡುವ ಅವರೇ ಮರುದಿನ ಬೆಳಗ್ಗೆ ಹತ್ತಿಯ ಅರಿವೆಯನ್ನು ಎಣ್ಣೆಯಲ್ಲದ್ದಿ ಆ ಕರಿಯ ಉಕ್ಕನ್ನು ಒರಸುತ್ತ ಕುಳಿತಿರುವರು.

ಈ ಪ್ರಶ್ನೆಗೆ ಸಿದ್ಧವಾದ ಉತ್ತರಗಳೆರಡುಂಟು. ಕೋವಿಯು ಜಡ, ಪಾಪಪುಣ್ಯಗಳು ಚೇತನಕ್ಕೆ ಸೇರಿದುವು, ಆದುದರಿಂದ ಕಬ್ಬಿಣವನ್ನೂ ಮರವನ್ನೂ ಮೆಚ್ಚುವುದರಲ್ಲಿ ದೋಷವಿಲ್ಲವೆಂಬುದು ಒಂದು. ಹಿಂಸೆಯ ಸಾಧನವು ಹಿಂಸೆಯ ಅಂಗವೇ ಆಗಿರುವುದರಿಂದ ಅದರ ಚೆಲುವನ್ನು ಹೊಗಳುವವನು ಹಿಂಸೆಯನ್ನೇ ಹೊಗಳುತ್ತಿರುವನೆಂಬುದು ಇನ್ನೊಂದು. ಎರಡನ್ನೂ ನಾನು ಗೌರವದಿಂದ ಕೇಳಿದ್ದೇನೆ; ಎರಡರಲ್ಲಿಯೂ ನನ್ನ ಮನಸ್ಸು ನಿಲ್ಲದು. ಏಕೆ ನಿಲ್ಲದೆಂಬುದನ್ನು ಹೇಳುವ ಮುನ್ನ ಆ ವಸ್ತುವನ್ನೇ ಕೈಗೆತ್ತಿಕೊಂಡು ನೋಡುವುದು ಅವಶ್ಯ.

ಬಾಗಿಲಿನ ಅಗುಳಿಯಂತೆ ಎತ್ತಿ ಎಳೆದು ನೂಕಿ ಮಡಿಸುವ, ಬೋಲ್ಟೆಂಬ ಉಕ್ಕಿನ ದಂಡವೊಂದರಿಂದ ನಳಿಗೆಯ ಹಿಂಬಾಯಿಯನ್ನು ಮುಚ್ಚುವ ಉಪಾಯವನ್ನು ಪ್ರಷ್ಯದ ಡ್ರೈಸೆ ಎಂಬ ಶಿಲ್ಪಿಯು ಸೇನೆಯ ಬಳಕೆಗೆ ತಂದನು. ಆತನ ಕೋವಿಯನ್ನು ಆ ರಾಜ್ಯವು ೧೮೪೧ರಲ್ಲಿ ಅಂಗೀಕರಿಸಿತು. ಆದರೆ ಈ ಉಪಾಯಕ್ಕೆ ಪೂರ್ಣತೆಯು ಬಂದುದು ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದಲ್ಲಿ ನೆಕಾರ್ ನದಿಯ ದಡದಲ್ಲಿರುವ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನಲ್ಲಿ, ಪೌಲ್ ಮೌಸರನ ಕೈಯಲ್ಲಿ, ೧೮೯೮ರ ಮಾದರಿಯಲ್ಲಿ. ದಂಡದ ಮುಂತುದಿಯ ಎರಡು ಉಬ್ಬುಗಳು ನಳಿಗೆಯ ಹಿಂದಣ ಗೂಡಿನಲ್ಲಿ ತಿರುಗಿ ಕಚ್ಚಿಕೊಳ್ಳುವುವು. ಅವೆರಡೂ ಮುರಿದುಹೋದರೆ ಹೊಡೆಯುವವನ ಮುಖವನ್ನು ಕಾಯುವುದಕ್ಕೆಂದು ಮೂರನೆಯ ಉಬ್ಬೊಂದು ಹಿಂದೆ ನಿಂತಿದೆ. ತೋಟಾವು ಬಿರಿದರೆ ಅದರ ಉರಿಗಾಳಿಯು ಕಣ್ಣಿನ ಕಡೆಗೆ ಬರದೆ ಪಕ್ಕಕ್ಕೆ ಹರಿದುಹೋಗಲೆಂದು ದಂಡದಲ್ಲಿ ರಂಧ್ರಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ಸಂಗ್ರಾಹಕರು ಕೊಂಡಾಡುವುದು ದಂಡದ ಪಕ್ಕದಲ್ಲಿ ಉದ್ದಕ್ಕೂ ಒರಗಿಕೊಂಡಿರುವ ಉಕ್ಕಿನ ಉಗುರನ್ನು: ತೋಟಾವು ಪೆಟ್ಟಿಗೆಯಿಂದ ಮೇಲೇರುತ್ತಿರುವಾಗಲೇ ಆ ಉಗುರು ಅದರ ಬುಡದ ಅಂಚನ್ನು ಹಿಡಿದು, ನಳಿಗೆಯೊಳಕ್ಕೆ ನಡೆಸಿ, ಹಾರಿಸಿಯಾದ ಮೇಲೆ ಬರಿಯ ಚಿಪ್ಪನ್ನು ಹೊರಕ್ಕೆಸೆಯುವವರೆಗೆ ಬಿಡುವುದಿಲ್ಲವಾದ ಕಾರಣ, ಕೋವಿಯನ್ನು ಓರೆಯಾಗಿ ಹಿಡಿದಿದ್ದರೂ ತಲೆಕೆಳಗಾಗಿ ಹಿಡಿದಿದ್ದರೂ ತೋಟಾವು ಜಾರಿಬೀಳದು. ಗಾಯಗೊಂಡ ಕಾಡೆಮ್ಮೆಯು ನುಗ್ಗಿಬರುತ್ತಿರುವಾಗ, ಎಡವಿ ಬೀಳುತ್ತಿರುವ ಮನುಷ್ಯನ ಕೈಯಲ್ಲಿಯೂ ಎರಡನೆಯ ಗುಂಡು ತಪ್ಪದೆ ಸಿದ್ಧವಾಗಿರಲೆಂಬುದು ಅದರ ಅಭಿಪ್ರಾಯ.

ಈ ಉಕ್ಕಿನ ಒಡಲನ್ನು ಓಬರ್ನ್‌ಡಾರ್ಫಿನಿಂದ ತರಿಸಿಕೊಂಡು ಲಂಡನ್ನಿನ ಶಿಲ್ಪಿಗಳು ಬೇಟೆಯ ರೈಫಲ್ಲುಗಳನ್ನಾಗಿ ಕಡೆದರು. ೧೭೭೫ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿ ಲಂಡನ್ನಿಗೆ ನೆಲೆ ಬದಲಿಸಿದ ರಿಗ್ಬಿ ಸಂಸ್ಥೆಯ .೨೭೫ ಬೋರಿನ ರೈಫಲ್ಲೂ, ೧೯೧೧ರಲ್ಲಿ ಅದೇ ಸಂಸ್ಥೆಯು ಹೊರತಂದ .೪೧೬ ಬೋರಿನದೂ, ಮರುವರ್ಷ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯಿಂದ ಬಂದ .೩೭೫ ಮ್ಯಾಗ್ನಮ್ಮೂ ಹೀಗೆ ಬಂದುವು. ಆಸ್ಟ್ರಿಯದ ಸ್ಟೈರ್ ಪಟ್ಟಣದಲ್ಲಿ ತಯಾರಾದ ೧೯೦೩ರ ಮಾನ್ಲಿಕರ್-ಶೋನವರ್ ರೈಫಲ್ಲಿನ ದಂಡವು ಚಲಿಸುವ ಸೌಖ್ಯವನ್ನೂ, ಅದರ ಸುತ್ತುವ ತೋಟಾಪೆಟ್ಟಿಗೆಯ ಕೌಶಲವನ್ನೂ ಒಮ್ಮೆ ಕೈಯಾರೆ ಅರಿತವರು ಮರೆಯಲಾರರು. ಇವುಗಳ ಹಿಡಿಗೆ ಆರಿಸುತ್ತಿದ್ದುದು ಅಕ್ರೋಟಿನ ಮರ. ನಿಧಾನವಾಗಿ ಬೆಳೆದ ಹಳೆಯ ಮರದ ಬುಡದಲ್ಲಿ ಮಾತ್ರ ದೊರೆಯುವ, ಹೊಗೆಯ ಸುಳಿಗಳಂತಿರುವ ಕರಿಗೆರೆಗಳುಳ್ಳ ತುಂಡನ್ನು ವರ್ಷಗಟ್ಟಲೆ ಒಣಗಿಸಿ, ಕಡೆದು, ಅಗಸೆಯ ಎಣ್ಣೆಯನ್ನು ಅಂಗೈಯ ಬಿಸುಪಿನಿಂದ ಮತ್ತೆ ಮತ್ತೆ ಉಜ್ಜಿ ಊಡಿಸುತ್ತಿದ್ದರು. ಉಕ್ಕಿನ ಮೇಲಣ ಆ ಗಂಭೀರವಾದ ನೀಲಿಗಪ್ಪು ಬಣ್ಣವು ಬಳಿದುದಲ್ಲ. ಹುಳಿಯಾದ ದ್ರವವನ್ನು ಸವರಿ, ತೇವದಲ್ಲಿರಿಸಿ, ಬೇಕೆಂದೇ ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲದ್ದಿ, ಕೆಂಪು ತುಕ್ಕು ಕರಿದಾದ ಮೇಲೆ ಸಡಿಲಪುಡಿಯನ್ನು ಉಜ್ಜಿ ತೆಗೆದು, ಮತ್ತೆ ಅದೇ ಕ್ರಮವನ್ನು ಹಲವು ಬಾರಿ ನಡೆಸಿದರೆ, ಕಬ್ಬಿಣವನ್ನು ತಿನ್ನಬೇಕಾಗಿದ್ದ ತುಕ್ಕೇ ಅದಕ್ಕೆ ಕವಚವಾಗುವುದು. ಮಾರಾಟಕ್ಕೆ ಮುನ್ನ ಪ್ರತಿಯೊಂದು ನಳಿಗೆಯೂ ಪರೀಕ್ಷಾಲಯದಲ್ಲಿ ಮಾಮೂಲಿಗಿಂತ ಹೆಚ್ಚಿನ ಮದ್ದಿನ ಹೊಡೆತವನ್ನು ಸಹಿಸಿ ಮುದ್ರೆಯನ್ನು ಪಡೆಯಬೇಕಾಗಿದ್ದಿತು; ಈ ಪರೀಕ್ಷೆಯನ್ನು ನಡೆಸುವ ಲಂಡನ್ನಿನ ಕೋವಿಶಿಲ್ಪಿಗಳ ಸಂಘಕ್ಕೆ ರಾಜಶಾಸನವು ದೊರೆತುದು ೧೬೩೭ರಲ್ಲಿ; ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯವು ೧೮೧೩ರದು.

ಇಂಥ ವಸ್ತುವನ್ನು ಬಲ್ಲ ಸಂಗ್ರಾಹಕನು ನೋಡುವ ಬಗೆಯೇ ಬೇರೆ. ಆತನು ದಂಡದ ಮೇಲಣ ಸಂಖ್ಯೆಯೂ ಒಡಲಿನ ಮೇಲಣ ಸಂಖ್ಯೆಯೂ ಒಂದೇ ಆಗಿರುವುವೆ ಎಂದು ಪರೀಕ್ಷಿಸುವನು. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗಣ ಸುರುಳಿಗೆರೆಗಳು ಹರಿತವಾಗಿರುವುವೆ, ಅಥವಾ ಸಣ್ಣ ಸಣ್ಣ ಗುಂಡಿಗಳು ಬಿದ್ದಿರುವುವೆ ಎಂದು ನೋಡುವನು. ಹಳೆಯ ಕಾಲದ ತೋಟಾಗಳ ಕಿಡಿಮದ್ದು ಉರಿದ ಮೇಲೆ ನಳಿಗೆಯಲ್ಲಿ ಒಂದು ಬಗೆಯ ಉಪ್ಪನ್ನು ಉಳಿಸುತ್ತಿದ್ದಿತು. ಆ ಉಪ್ಪು ಗಾಳಿಯ ತೇವವನ್ನು ಸೆಳೆದು ಉಕ್ಕನ್ನು ತಿನ್ನುತ್ತಿದ್ದಿತು. ಎಣ್ಣೆಯು ಅದನ್ನು ಕರಗಿಸದಾದುದರಿಂದ ಬೇಟೆಯಾಡಿ ಬಂದ ಸಂಜೆಯೇ ಬಿಸಿನೀರು ಹೊಯ್ದು ತೊಳೆಯಬೇಕಾಗಿದ್ದಿತು. ನಮ್ಮ ಮಳೆನಾಡುಗಳಲ್ಲಿ ಒಂದು ರಾತ್ರಿಯ ಆಲಸ್ಯವೂ ನೂರು ವರ್ಷ ಉಳಿಯುವ ಕಲೆಯಾಗಬಲ್ಲುದು. ಹೀಗೆ ನಳಿಗೆಯ ಒಳಮೈಯು ಹಿಂದಣ ಒಡೆಯನ ಶೀಲಕ್ಕೆ ಸಾಕ್ಷಿಯನ್ನು ನುಡಿಯುವುದು. ತೂಕವು ಸಮವಾಗಿ ನಿಲ್ಲುವ ಎಡೆಯಲ್ಲಿ, ಬಹುಕಾಲ ಹಿಡಿದು ನಡೆದವನ ಅಂಗೈಯಿಂದ ಕಪ್ಪು ಸವೆದು ಉಕ್ಕು ಬೆಳ್ಳಗೆ ಹೊಳೆಯುತ್ತಿದ್ದರೆ, ಸಂಗ್ರಾಹಕನು ಅದನ್ನು ಕುಂದೆಂದು ಭಾವಿಸದೆ ಗೌರವಿಸುವನು. ಹೊಸದಾಗಿ ಬಣ್ಣವೇರಿಸಿ, ಮರವನ್ನು ಕೆರೆದು ನುಣುಪುಮಾಡಿ, ಹೊಸತರಂತೆ ತೋರಿಸಿದ ರೈಫಲ್ಲನ್ನು ಸುಳ್ಳಾಡಿದ ಸಾಕ್ಷಿಯೆಂಬಂತೆ ದೂರವಿಡುವನು. ಈ ಸತ್ಯನಿಷ್ಠೆಯನ್ನು ನಾನು ಅಲ್ಪವಾಗಿ ಕಾಣಲಾರೆ. ಮಾರುಕಟ್ಟೆಯ ಹೊಳಪಿಗೆ ಮರುಳಾಗದೆ, ಒಂದು ತಿರುಪುಮೊಳೆಯ ತಲೆಯೂ ತನ್ನ ನಿಜವನ್ನೇ ಹೇಳಬೇಕೆಂದು ಹಟ ಹಿಡಿಯುವ ಮನಸ್ಸಿನಲ್ಲಿ ಧರ್ಮದ ಬೀಜವೊಂದಿದೆ. ಆದರೆ ಆ ಹಟವು ಎಲ್ಲಿಯವರೆಗೆ ಹೋಗುವುದು? ತಿರುಪುಮೊಳೆಯು ನಿಜವೆ ಎಂದು ಕೇಳಿದವನು, ಈ ನಳಿಗೆಯ ಎದುರಿನಲ್ಲಿ ನಿಂತಿದ್ದುದು ಏನು ಎಂದೂ ಕೇಳಬೇಕಲ್ಲವೆ?

ನಾನು ಇದುವರೆಗೆ ಬಣ್ಣಿಸಿದ ಸೊಬಗಿನಲ್ಲಿ ಕೊಲೆಯಿಂದ ಬೇರೆಯಾದುದು ಬಹಳ ಸ್ವಲ್ಪ. ಉಗುರಿನ ಕೌಶಲವು ಎರಡನೆಯ ಗುಂಡು ತಪ್ಪದಿರಲೆಂಬುದಕ್ಕಾಗಿ. ನಳಿಗೆಯ ತೆಳುವು ಬೆಟ್ಟವನ್ನೇರುವವನ ತೋಳು ನಡುಗದಿರಲೆಂಬುದಕ್ಕಾಗಿ. ಹಿಡಿಯ ಬಾಗು ಕಣ್ಣು ತಾನಾಗಿ ಗುರಿಯ ರೇಖೆಗೆ ಬಂದು ನಿಲ್ಲಲೆಂಬುದಕ್ಕಾಗಿ. ಹೊಳಪಿಲ್ಲದ ಎಣ್ಣೆಯ ಮೆರುಗೂ ಮೃಗದ ಕಣ್ಣಿಗೆ ಬಿಸಿಲು ಕೋರೈಸದಿರಲೆಂಬುದಕ್ಕೆ ಅನುಕೂಲವಾಗಿ. ಬಂಗಾರದ ಕೆತ್ತನೆಯುಳ್ಳ ರೈಫಲ್ಲುಗಳೂ ಉಂಟಷ್ಟೆ. ಆದರೆ ಬಲ್ಲವರು ಅವುಗಳಿಗಿಂತ ಕೆತ್ತನೆಯಿಲ್ಲದ ಸಾದಾ ರೈಫಲ್ಲನ್ನೇ ಮೇಲೆಂದೆಣಿಸುವರು, ಏಕೆಂದರೆ ಅದರ ರೂಪವೆಲ್ಲವೂ ಪ್ರಯೋಜನದಿಂದಲೇ ಮೂಡಿದುದು. ಆದುದರಿಂದ “ನಾನು ಕೇವಲ ಶಿಲ್ಪವನ್ನು ಮೆಚ್ಚುವೆನು, ಕೊಲೆಯು ನನಗೆ ಬೇಡ” ಎಂಬ ಮಾತು, ಎಷ್ಟು ಶುದ್ಧಾಂತಃಕರಣದಿಂದ ಬಂದರೂ, ಪೂರ್ತಿ ನಿಜವಾಗಲಾರದು.

ಇನ್ನು ಜಡವಾದ ಸಾಧನಕ್ಕೆ ದೋಷವಿಲ್ಲವೆಂಬ ಮಾತು. ಅದಕ್ಕೆ ಪೋಷಕವಾದ ನಿದರ್ಶನವೊಂದು ಈ ರೈಫಲ್ಲುಗಳ ಚರಿತ್ರೆಯಲ್ಲಿಯೇ ಇದೆ. ೧೯೦೭ರಲ್ಲಿ ಕುಮಾವೂನಿನ ಚಂಪಾವತದಲ್ಲಿ, ನೇಪಾಳದಲ್ಲಿಯೂ ಇಲ್ಲಿಯೂ ಸೇರಿ ೪೩೬ ಜನರನ್ನು ಕೊಂದಿತೆಂದು ಲೆಕ್ಕವಿಟ್ಟಿದ್ದ ಹೆಣ್ಣುಹುಲಿಯನ್ನು ಜಿಮ್ ಕಾರ್ಬೆಟ್ಟನು ಕೊಂದುದಕ್ಕಾಗಿ, ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಸರ್ ಜಾನ್ ಹ್ಯೂವೆಟ್ಟನು ಆತನಿಗೆ ರಿಗ್ಬಿಯ .೨೭೫ ಬೋರಿನ ಮೌಸರ್ ರೈಫಲ್ಲೊಂದನ್ನು ಬೆಳ್ಳಿಯ ಫಲಕವನ್ನು ಕೂಡಿಸಿ ಉಡುಗೊರೆಯಾಗಿ ಕೊಟ್ಟನು. ತೇಜಸ್ವಿಯವರ ಅನುವಾದದ ಮೂಲಕ ಕನ್ನಡಿಗರಿಗೆ ಪರಿಚಿತವಾಗಿರುವ ರುದ್ರಪ್ರಯಾಗದ ಚಿರತೆಯು, ಎಂಟು ವರ್ಷಗಳಲ್ಲಿ ೧೨೫ ಜನರನ್ನು ತಿಂದ ಮೇಲೆ ೧೯೨೬ರಲ್ಲಿ ಉರುಳಿದುದು ಆ ರೈಫಲ್ಲಿನಿಂದಲೇ. ಸತ್ತ ಆ ಮುದಿಚಿರತೆಯನ್ನು ಕುರಿತು ಕಾರ್ಬೆಟ್ಟನು ಬರೆದ ಮಾತುಗಳಲ್ಲಿ ಜಯಘೋಷವಿಲ್ಲ, ಕನಿಕರವಿದೆ. ಅದೇ ಕಾಲದಲ್ಲಿ, ಅದೇ ಬೋರಿನ, ಅದೇ ಮೌಸರ್ ಒಡಲಿನ ರೈಫಲ್ಲನ್ನು ಹಿಡಿದು ಆಫ್ರಿಕದ ಕರಮೋಜ ಮುಂತಾದ ಸೀಮೆಗಳಲ್ಲಿ ಅಲೆದ ವಾಲ್ಟರ್ ಬೆಲ್ ಎಂಬವನು ದಂತಕ್ಕಾಗಿ ಸಾವಿರಕ್ಕೂ ಮಿಕ್ಕಿ ಆನೆಗಳನ್ನು ಕೊಂದನು. ಮಿದುಳಿರುವ ಎಡೆಯನ್ನು ನಿಶ್ಚಯವಾಗಿ ತಿಳಿಯಲೆಂದು ಆತನು ಆನೆಯ ತಲೆಬುರುಡೆಯೊಂದನ್ನು ಉದ್ದಕ್ಕೆ ಗರಗಸದಿಂದ ಸೀಳಿ ನೋಡಿದ್ದನು. ಒಂದೇ ಬಗೆಯ ಉಕ್ಕು ಒಬ್ಬನಲ್ಲಿ ಆರ್ತರಕ್ಷಣೆಗೂ ಇನ್ನೊಬ್ಬನಲ್ಲಿ ವಾಣಿಜ್ಯಕ್ಕೂ ಒದಗಿದಾಗ, ದೋಷವನ್ನು ಉಕ್ಕಿನ ಮೇಲೆ ಹೊರಿಸುವುದೆಂತು ಎಂದು ಕೇಳಬಹುದು.

ಕೇಳಿದವರಿಗೆ ಉತ್ತರವು ಬಹು ಹಿಂದೆಯೇ ದೊರೆತಿದೆ, ಅದೂ ಹೆಣ್ಣೊಬ್ಬಳ ಬಾಯಿಂದ. ವಾಲ್ಮೀಕಿರಾಮಾಯಣದ ಅರಣ್ಯಕಾಂಡದಲ್ಲಿ, ದಂಡಕಾರಣ್ಯವನ್ನು ಹೊಕ್ಕ ರಾಮನು ರಾಕ್ಷಸರನ್ನು ಕೊಲ್ಲುವುದಾಗಿ ಋಷಿಗಳಿಗೆ ಮಾತು ಕೊಟ್ಟುದನ್ನು ಕಂಡು ಕಳವಳಗೊಂಡ ಸೀತೆಯು ಆತನಿಗೊಂದು ಕಥೆಯನ್ನು ಹೇಳುತ್ತಾಳೆ. ಪುಣ್ಯವನವೊಂದರಲ್ಲಿ ಸತ್ಯವಂತನಾದ ತಪಸ್ವಿಯೊಬ್ಬನಿದ್ದನು. ಆತನ ತಪಸ್ಸನ್ನು ಕೆಡಿಸಬೇಕೆಂದು ಇಂದ್ರನು ಭಟನ ವೇಷದಿಂದ ಬಂದು ಉತ್ತಮವಾದ ಖಡ್ಗವೊಂದನ್ನು ನ್ಯಾಸವಾಗಿ, ಎಂದರೆ ಕಾಪಾಡಿ ಹಿಂದಿರುಗಿಸಬೇಕಾದ ಒತ್ತೆಯಾಗಿ, ಕೊಟ್ಟುಹೋದನು. ನಂಬಿಕೆಗೆ ತಪ್ಪಬಾರದೆಂಬ ಒಂದೇ ಎಚ್ಚರದಿಂದ ತಪಸ್ವಿಯು ಹಣ್ಣುಹಂಪಲಿಗೆ ಹೋಗುವಾಗಲೂ ಗೆಡ್ಡೆಗೆಣಸಿಗೆ ಹೋಗುವಾಗಲೂ ಆ ಖಡ್ಗವನ್ನು ಬಿಡದೆ ಹೊತ್ತು ತಿರುಗಿದನು; ಹೊತ್ತು ಹೊತ್ತು ಅವನ ಬುದ್ಧಿಯು ಕ್ರಮಕ್ರಮವಾಗಿ ರೌದ್ರವಾಯಿತು; ತಪಸ್ಸು ಜಾರಿತು; ಕೊನೆಗೆ ಅವನು ನರಕಕ್ಕೆ ಹೋದನು. ಇಂದ್ರನು ಅವನಿಗೆ ಕೊಲ್ಲೆಂದು ಹೇಳಲಿಲ್ಲ. ಅವನು ಕೊಲ್ಲಬೇಕೆಂದು ಬಯಸಿದವನೂ ಅಲ್ಲ. ಸಂಗವೇ ಸಾಕಾಯಿತು. ರಾಮನು ಇದಕ್ಕೆ ಕೊಡುವ ಉತ್ತರವು ಕ್ಷತ್ರಿಯನ ಉತ್ತರ: ಆರ್ತರ ಕೂಗು ಏಳದಿರಲೆಂದು ತಾನು ಬಿಲ್ಲನ್ನು ಹಿಡಿದಿರುವೆನೆಂದು ಆತನು ಹೇಳುತ್ತಾನೆ. ರುದ್ರಪ್ರಯಾಗದ ಹಾದಿಯಲ್ಲಿ ಕತ್ತಲೆಗೆ ಅಂಜಿ ಬಾಗಿಲಿಕ್ಕಿಕೊಂಡಿದ್ದ ಹಳ್ಳಿಗರ ಪಾಲಿಗೆ ಕಾರ್ಬೆಟ್ಟನ ರೈಫಲ್ಲೂ ಅಂಥದೇ ಉತ್ತರವಾಗಿದ್ದಿತು. ಬೆಲ್ಲನಿಗೆ ಆ ಉತ್ತರವು ದಕ್ಕದು. ಆದರೆ ಇಂದಿನ ಸಂಗ್ರಾಹಕನಿಗೂ ಅದು ದಕ್ಕದೆಂಬುದನ್ನು ನಾವು ಮರೆಮಾಚಬಾರದು. ಅವನ ಬಾಗಿಲಿಗೆ ಯಾವ ಆರ್ತನೂ ಬಂದು ಕೂಗಿಲ್ಲ. ಅವನು ನಿಂತಿರುವ ನೆಲೆಯು ರಾಮನದಲ್ಲ, ಆ ತಪಸ್ವಿಯದು.

ವಿಚಿತ್ರವೆಂದರೆ ಸಂಗ್ರಾಹಕರು ತಮ್ಮ ಸಮರ್ಥನೆಗೆಂದು ಹೇಳುವ ಮಾತೂ ನ್ಯಾಸದ ಮಾತೇ. ಕೊಡಗಿನ ವಿರಾಜಪೇಟೆಯ ಕಡೆಯ, ಮನೆತನದ ಮೂಲಮನೆಯಾದ ಒಂದು ಐನ್‌ಮನೆಯಲ್ಲಿ ಹಿರಿಯರೊಬ್ಬರು ತಮ್ಮ ತಾತನ ಮೌಸರನ್ನು ನನ್ನ ಕೈಗೆ ಕೊಡುವ ಮುನ್ನ, ಬೋಲ್ಟನ್ನು ಹಿಂದಕ್ಕೆಳೆದು, ಒಳಗೆ ತೋಟಾವಿಲ್ಲವೆಂಬುದನ್ನು ಕಣ್ಣಿನಿಂದ ನೋಡಿದ್ದು ಸಾಲದೆಂದು ಬೆರಳಿನಿಂದಲೂ ಮುಟ್ಟಿ ನೋಡಿ, “ಇದು ನನ್ನದಲ್ಲ ಸ್ವಾಮಿ, ನನ್ನ ವಶದಲ್ಲಿದೆ ಅಷ್ಟೆ, ಮೊಮ್ಮಗನಿಗೆ ಒಪ್ಪಿಸಿಬಿಟ್ಟರೆ ನನ್ನ ಕೆಲಸ ಮುಗಿಯಿತು” ಎಂದರು. ಲೋಕದ ಯಾವ ಮೂಲೆಯ ಸಂಗ್ರಾಹಕನೂ ಇದೇ ಅರ್ಥದ ಮಾತನ್ನು ಆಡುವನು. ನೂರು ವರ್ಷ ಬಾಳಿದ ವಸ್ತುವಿನ ಎದುರಿನಲ್ಲಿ ಅದು ವಿನಯದ ಮಾತೂ ಹೌದು. ಆದರೆ ಸೀತೆಯ ಕಥೆಯನ್ನು ಕೇಳಿದ ಮೇಲೆ, ವಶದಲ್ಲಿಟ್ಟುಕೊಂಡವನು ಒಡೆಯನಿಗಿಂತ ಸುರಕ್ಷಿತನೆಂದು ನಂಬುವುದು ಕಷ್ಟ. ಒಡೆಯನು ಬೇಸರವಾದರೆ ಬಿಸುಡಬಲ್ಲನು. ನ್ಯಾಸವನ್ನು ಹೊತ್ತವನು ಬಿಸುಡಲಾರನು.

ರಸಿಕನೆಂಬ ಹೆಸರಿನಿಂದ ಪಾರಾಗಬಹುದೆ? ನಮ್ಮ ಆಲಂಕಾರಿಕರು ರಸಾಸ್ವಾದಕ್ಕೆ ಮಮಕಾರದ ಲಯವನ್ನು ಅವಶ್ಯವೆಂದರು. ಇದು ನನ್ನದು, ಇದು ಶತ್ರುವಿನದು, ಇದು ಯಾರದೂ ಅಲ್ಲ ಎಂಬ ವಿಭಾಗವು ಕರಗಿದಲ್ಲಿ ಮಾತ್ರ ಭಾವವು ಸಾಧಾರಣವಾಗಿ ರಸವಾಗುವುದೆಂದರು. ಕೂಡಿಡುವುದಾದರೋ ಮಮಕಾರದ ಕೆಲಸ. ಆದುದರಿಂದ ಮೆಚ್ಚುವ ಮನಸ್ಸಿಗೂ ಕೂಡಿಡುವ ಮನಸ್ಸಿಗೂ ಒಳಗೊಳಗೇ ಜಗಳವುಂಟು, ಒಂದೇ ಬೀರುವಿನ ಮುಂದೆ ಎರಡೂ ನಿಂತಿದ್ದರೂ. ಅಭಿನವಗುಪ್ತನು ಭಯಾನಕರಸವನ್ನು ವಿವರಿಸಲು ಆರಿಸಿಕೊಂಡ ನಿದರ್ಶನವು ನಮ್ಮ ಪ್ರಕೃತವಿಷಯಕ್ಕೆ ಬಹಳ ಹತ್ತಿರದ್ದು: ಅದು ಶಾಕುಂತಲದ ಮೊದಲಲ್ಲಿ ದುಷ್ಯಂತನ ರಥದ ಮುಂದೆ ಪ್ರಾಣಭಯದಿಂದ ಹಿಂದಿರುಗಿ ನೋಡುತ್ತ ಓಡುವ ಜಿಂಕೆ. ಸಹೃದಯನು ಅಲ್ಲಿ ಸವಿಯುವುದು ಬಿಲ್ಲುಗಾರನ ಉತ್ಸಾಹವನ್ನಲ್ಲ, ಜಿಂಕೆಯ ಭಯವನ್ನು. ಇದನ್ನು ಓದಿದಾಗ ನನಗೆ ತೋರಿದುದು, ರೈಫಲ್ಲಿನ ರಸಿಕರಾದ ನಾವು ಅದನ್ನು ಯಾವಾಗಲೂ ಹಿಡಿಯ ಕಡೆಯಿಂದಲೇ ನೋಡುತ್ತಿರುವೆವು ಎಂಬುದು. ಹಿಡಿಯ ಬಾಗು, ಬೆರಳಿನಿಂದೆಳೆಯುವ ಕುದುರೆಯ ಮೃದುತ್ವ, ದಂಡದ ಸಲಿಲಗತಿ, ಇವೆಲ್ಲವೂ ಹೊಡೆಯುವವನ ಅನುಭವಗಳು. ನಳಿಗೆಯ ಬಾಯ ಕಡೆಯಿಂದ ಅದು ಹೇಗೆ ಕಾಣುವುದೆಂಬುದೂ ಆ ವಸ್ತುವಿನ ನಿಜದಲ್ಲಿಯೇ ಸೇರಿದೆ. ಅದನ್ನು ಬಿಟ್ಟ ಆಸ್ವಾದವು ಅರ್ಧ ನಾಟಕವನ್ನು ನೋಡಿ ಎದ್ದುಹೋದವನ ಆಸ್ವಾದ.

ಜೈನಾಚಾರ್ಯರು ಈ ವಿಷಯದಲ್ಲಿ ತೋರಿದ ಸೂಕ್ಷ್ಮತೆಯು ನಮ್ಮ ನಾಡಿನ ದೊಡ್ಡ ಸಂಪತ್ತು. ತತ್ತ್ವಾರ್ಥಸೂತ್ರವು ಕರ್ಮದ ಆಸ್ರವಕ್ಕೆ, ಎಂದರೆ ಆತ್ಮದೊಳಕ್ಕೆ ಕರ್ಮವು ಹರಿದುಬರುವುದಕ್ಕೆ, ಜೀವವನ್ನು ಮಾತ್ರವಲ್ಲದೆ ಅಜೀವವನ್ನೂ ಅಧಿಕರಣವೆಂದು ಹೇಳಿ, ವಸ್ತುಗಳನ್ನು ನಿರ್ಮಿಸುವುದು, ಇರಿಸುವುದು, ಕೂಡಿಸುವುದು ಎಂಬಿವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿದೆ. ವಸ್ತುವನ್ನು ಎಲ್ಲಿ, ಹೇಗೆ, ಎಷ್ಟು ಎಚ್ಚರದಿಂದ ಇರಿಸಿದೆ ಎಂಬುದೂ ಕರ್ಮವೇ. ಗೃಹಸ್ಥನಾದ ಶ್ರಾವಕನ ಅನರ್ಥದಂಡವಿರತಿಯಲ್ಲಿ, ಎಂದರೆ ನಿಷ್ಪ್ರಯೋಜನವಾದ ಹಿಂಸೆಯನ್ನು ತೊರೆಯುವ ವ್ರತದಲ್ಲಿ, ಹಿಂಸೆಯ ಉಪಕರಣಗಳನ್ನು ಇತರರಿಗೆ ಕೊಡಬಾರದೆಂಬ ನಿಯಮವಿದೆ. ಇವೆಲ್ಲಕ್ಕಿಂತ ಜನ್ನನ ೧೨೦೯ರ ಯಶೋಧರಚರಿತೆಯ ಹಿಟ್ಟಿನ ಕೋಳಿಯು ನನ್ನನ್ನು ಹೆಚ್ಚಾಗಿ ಕಾಡಿದೆ. ಜೀವವಧೆಗೆ ಅಂಜಿದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ದೇವತೆಗೆ ಬಲಿಕೊಟ್ಟನು. ಕತ್ತಿಯು ತಾಗಿದಾಗ ಆ ಹಿಟ್ಟು ಕೂಗಿತು. ಆ ಸಂಕಲ್ಪಹಿಂಸೆಗಾಗಿ ತಾಯಿಮಕ್ಕಳು ಜನ್ಮಜನ್ಮಗಳಲ್ಲಿ ಮೃಗಪಕ್ಷಿಗಳಾಗಿ ನವೆದರು. ಒಂದು ಪ್ರಾಣವೂ ಹೋಗದಿದ್ದಲ್ಲಿಯೂ ಹಿಂಸೆಯು ಪೂರ್ಣವಾಗಬಲ್ಲುದಾದರೆ, ಬರಿದಾದ ರೈಫಲ್ಲನ್ನು ಭುಜಕ್ಕೇರಿಸಿ ಕುದುರೆಯನ್ನು ಎಳೆಯುವವನ ಗತಿಯೇನು? ನನ್ನ ವಿವೇಕಕ್ಕೆ ತೋರಿದಂತೆ ಇಲ್ಲಿ ಒಂದು ಭೇದವನ್ನು ಮಾಡಬೇಕು. ಕಾಗದದ ಮೇಲಣ ಕಪ್ಪು ವೃತ್ತಕ್ಕೆ ಗುರಿಯಿಡುವವನು ಅಲ್ಲಿ ಜೀವವೊಂ‌ದನ್ನು ಕಲ್ಪಿಸಿಕೊಂಡಿಲ್ಲ; ಆತನ ಸೆಣಸು ತನ್ನ ಉಸಿರಿನೊಡನೆ, ತನ್ನ ಬೆರಳಿನ ಚಾಂಚಲ್ಯದೊಡನೆ. ಆದರೆ ಕಿಟಕಿಯಾಚೆ ಕೊಂಬೆಯ ಮೇಲೆ ಕುಳಿತ ಪಾರಿವಾಳದ ಕಡೆಗೆ ಬರಿಯ ಕೋವಿಯನ್ನು ತಿರುಗಿಸಿ, ಅದರ ಎದೆಯನ್ನು ಗುರಿಯ ರೇಖೆಗೆ ತಂದು, ಕುದುರೆಯನ್ನು ಎಳೆದು, ಸದ್ದು ಕೇಳಿ ತೃಪ್ತಿಪಡುವವನು ಹಿಟ್ಟಿನ ಕೋಳಿಯನ್ನೇ ಕಡಿದನು. ಇದನ್ನು ಆಟವೆಂದು ಹೇಳಿ ಮಕ್ಕಳಿಗೆ ಕಲಿಸುವ ಮನೆಗಳನ್ನು ನಾನು ಬಲ್ಲೆ. ಅದರಿಂದ ನನಗೆ ದುಃಖವಾಗುವುದು.

ಹಾಗಾದರೆ ಎಲ್ಲವನ್ನೂ ಕರಗಿಸಿಬಿಡುವುದೇ ಲೇಸೆ? ನಳಿಗೆಗೆ ಸೀಸ ಹೊಯ್ದು, ಹೊಡೆಯುವ ಮೊನೆಯನ್ನು ಮುರಿದು, ರೈಫಲ್ಲನ್ನು ನಿರುಪದ್ರವಿಯಾದ ಗೊಂಬೆಯಾಗಿ ಮಾಡುವುದು ಲೇಸೆ? ಹಾಗೆ ಮಾಡುವವರನ್ನು ನಾನು ದೂರುವುದಿಲ್ಲ; ಮನೆಯಲ್ಲಿ ಎಳೆಯರಿದ್ದಾಗ, ಬೀಗಕ್ಕೆ ಭದ್ರತೆಯಿಲ್ಲದಾಗ, ಅದೇ ಧರ್ಮ. ಆದರೆ ಕೊಲ್ಲಬಲ್ಲುದಾಗಿಯೂ ಕೊಲ್ಲದೆ ಇರಿಸಲ್ಪಟ್ಟ ವಸ್ತುವಿನೊಡನೆ ಬಾಳುವುದಕ್ಕೂ, ಕೊಲ್ಲಲಾರದ ಗೊಂಬೆಯೊಡನೆ ಬಾಳುವುದಕ್ಕೂ ಅಂತರವಿದೆ. ಆ ಅಂತರವನ್ನು ಬಲ್ಲ ಜನರು ಕೊಡಗಿನವರು. ೧೮೬೧ರಷ್ಟು ಹಿಂದೆಯೇ ಆಯುಧದ ಲೈಸೆನ್ಸಿನಿಂದ ವಿನಾಯಿತಿ ಪಡೆದು, ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಆ ವಿನಾಯಿತಿಯನ್ನು ಎತ್ತಿಹಿಡಿದುದನ್ನು ಕಂಡ ಅವರಲ್ಲಿ, ಕೋವಿಯು ಮನೆಯ ಬಾಳಿನೊಡನೆ ಹೆಣೆದುಕೊಂಡಿದೆ. ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲಲ್ಲಿ ಬರುವ ಹಬ್ಬವಾದ ಕೈಲ್‌ಪೊಳ್ದಿನಂದು ಆಯುಧಗಳನ್ನೂ ಬೇಸಾಯದ ಉಪಕರಣಗಳನ್ನೂ ತೊಳೆದು, ಗಂಧವಿಟ್ಟು, ಕೋವಿಯ ಬಾಯಿಗೆ ತೋಕ್‌ಪೂವನ್ನು ಸಿಕ್ಕಿಸಿ, ದೀಪದ ಮುಂದೆ ಇರಿಸಿ ಕೈಮುಗಿಯುವರು. ಬೆಂಕಿಯ ನಾಲಗೆಯಂತಿರುವ ಆ ಹೂವಿನ ಗೆಡ್ಡೆಯು ವಿಷವೆಂಬುದನ್ನು ಅವರು ಬಲ್ಲರು. ಕೈಲ್‌ಪೊಳ್ದಿನಲ್ಲಿಯೂ ಬಯಲುಸೀಮೆಯ ಆಯುಧಪೂಜೆಯಲ್ಲಿಯೂ ನನಗೆ ಮುಖ್ಯವಾಗಿ ತೋರುವುದು ಸ್ತುತಿಯಲ್ಲ, ಇಳಿಸಿಡುವುದು. ಪೂಜೆಗೆ ಕುಳಿತ ಆಯುಧವು ಯಾರ ಹೆಗಲ ಮೇಲೂ ಇಲ್ಲ; ಮನುಷ್ಯನಿಗೂ ಅದಕ್ಕೂ ನಡುವೆ ದೀಪವೊಂದು ಬಂದು ನಿಂತಿದೆ. ಸೀತೆಯ ತಪಸ್ವಿಯು ಮಾಡದೆಹೋದುದು ಇದನ್ನೇ: ಆತನು ಖಡ್ಗವನ್ನು ಎಂದೂ ಕೆಳಗಿಳಿಸಲಿಲ್ಲ, ಎದುರಿಗಿಟ್ಟುಕೊಂಡು ಎಂದೂ ನೋಡಲಿಲ್ಲ. ಚುನಾವಣೆಯ ಕಾಲದಲ್ಲಿ ಕೋವಿಗಳನ್ನು ಠಾಣೆಯಲ್ಲಿ ಠೇವಣಿಯಿಡಬೇಕಾಗಿ ಬಂದಾಗ ಗೊಣಗುವವರಿಗೆ ನಾನು ಈ ಕಥೆಯನ್ನು ಹೇಳುವುದುಂಟು; ಕೆಲವು ವಾರ ಕೈ ಬರಿದಾಗಿರುವುದು ನಷ್ಟವಲ್ಲ.

ಆಯುಧವನ್ನು ಇಳಿಸಿಟ್ಟ ಕಥೆಗಳಲ್ಲೆಲ್ಲ ದೊಡ್ಡದು ವಿರಾಟಪರ್ವದ್ದು. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಮತ್ಸ್ಯನಗರದ ಹೊರಗೆ, ಶ್ಮಶಾನದ ಬಳಿಯ ಶಮೀವೃಕ್ಷದಲ್ಲಿ ತಮ್ಮ ಬಿಲ್ಲುಗಳನ್ನು ಕಟ್ಟಿ, ಜೊತೆಯಲ್ಲಿ ಒಂದು ಶವವನ್ನೂ ಕಟ್ಟಿದರು. ದನಕಾಯುವವರು ಕೇಳಿದರೆ, ಅದು ತಮ್ಮ ನೂರೆಂಬತ್ತು ವರ್ಷದ ತಾಯಿ, ಮರಕ್ಕೆ ಕಟ್ಟುವುದು ತಮ್ಮ ಕುಲಾಚಾರ ಎಂದರು. ನಾತಕ್ಕೆ ಹೇಸಿ ಯಾರೂ ಬಳಿಗೆ ಬರದಿರಲೆಂಬುದು ಅವರ ಉಪಾಯವಷ್ಟೆ. ವ್ಯಾಸರ ಮನಸ್ಸಿನಲ್ಲಿ ಅದಕ್ಕಿಂತ ಹೆಚ್ಚಿನದಿತ್ತೋ ಇಲ್ಲವೋ, ನನ್ನ ಮನಸ್ಸಿನಲ್ಲಂತೂ ಆ ಗಂಟು ಬಹುಕಾಲದಿಂದ ತೂಗುತ್ತಿದೆ. ತಪಸ್ವಿಯ ಖಡ್ಗವೂ ಒತ್ತೆ, ಶಮಿಯ ಮೇಲಣ ಗಾಂಡೀವವೂ ಒತ್ತೆ; ಒಂದು ನರಕಕ್ಕೆ ಕರೆದೊಯ್ದಿತು, ಇನ್ನೊಂದರ ನೆನಪಿಗೆ ನಾವು ಇಂದಿಗೂ ವಿಜಯದಶಮಿಯ ದಿನ ಬನ್ನಿಯನ್ನು ಹಂಚುತ್ತೇವೆ. ಎರಡನೆಯದು ಕೈಯಿಂದ ದೂರವಿದ್ದಿತು, ಮತ್ತು ಅದರ ಪಕ್ಕದಲ್ಲಿಯೇ, ಅದು ಏನನ್ನು ಮಾಡಬಲ್ಲುದೋ ಅದರ ಫಲವು ಕಟ್ಟಿತ್ತು.

ವರ್ಷವು ಕಳೆದ ಮೇಲೆ ಬೃಹನ್ನಳೆಯು ಮರವನ್ನು ಹತ್ತಲು ಹೇಳಿದಾಗ ಉತ್ತರಕುಮಾರನು ಹೆಣವನ್ನು ಮುಟ್ಟಲು ಹಿಂಜರಿದನು. ಹಿಂಜರಿಕೆಯನ್ನು ದಾಟಿ ಗಂಟನ್ನು ಬಿಚ್ಚಿದ ಮೇಲೆ, ಬಿಲ್ಲುಗಳ ಕಾಂತಿಗೆ ಬೆರಗಾಗಿ, ಬಂಗಾರದ ಆನೆಗಳಿರುವ ಈ ಬಿಲ್ಲು ಯಾರದು, ಇಂದ್ರಗೋಪದ ಹುಳುಗಳನ್ನು ಕೆತ್ತಿದ ಇದು ಯಾರದು, ಮೂರು ಸೂರ್ಯರಿರುವ ಇದು ಯಾರದು ಎಂದು ಒಂದೊಂದನ್ನೂ ತೋರಿಸಿ ತೋರಿಸಿ ಕೇಳಿದನು. ನಮ್ಮ ಸಾಹಿತ್ಯದಲ್ಲಿ ಆಯುಧದ ಚೆಲುವನ್ನು ಇಷ್ಟು ನಿಧಾನವಾಗಿ, ಇಷ್ಟು ಮುಗ್ಧವಾಗಿ ಮೆಚ್ಚಿದವನು ಇನ್ನೊಬ್ಬನಿಲ್ಲ. ಆತನ ಮೆಚ್ಚುಗೆಯಲ್ಲಿ ನನಗೆ ದೋಷವು ಕಾಣದು. ಹೆಣದ ಭಯವನ್ನು ಮೊದಲು ಎದುರಿಸಿ ಆಮೇಲೆ ಅವನು ಚೆಲುವಿಗೆ ಬಂದನು.

ಸಂಗ್ರಾಹಕರಿಂದ ನಾನು ಬೇಡುವುದೂ ಇಷ್ಟನ್ನೇ. ಹಳೆಯ ಬೇಟೆಗಾರರಲ್ಲಿ ಹಲವರು ತಾವು ಹೊಡೆದ ಮೃಗಗಳ ಪಟ್ಟಿಯನ್ನು ದಿನಾಂಕ, ಸ್ಥಳ, ದೂರ, ಗುಂಡು ತಾಗಿದ ಎಡೆ, ಗಾಯಗೊಂಡು ತಪ್ಪಿಸಿಕೊಂಡುವು ಎಂಬ ವಿವರಗಳೊಡನೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮನೆತನವು ಒಡೆದು ವಸ್ತುಗಳು ಮಾರಾಟಕ್ಕೆ ಬಂದಾಗ ರೈಫಲ್ಲು ಒಬ್ಬನಿಗೂ, ಚರ್ಮದ ಪೆಟ್ಟಿಗೆಯು ಇನ್ನೊಬ್ಬನಿಗೂ ಹೋಗುವುದು. ಗೆದ್ದಲು ತಿಂದ ಆ ಪುಸ್ತಕವು ಯಾರಿಗೂ ಬೇಡವಾಗುವುದು. ಸಂಖ್ಯೆಗಳು ಹೊಂದಬೇಕೆಂದು, ತಿರುಪುಮೊಳೆಯು ಮೂಲದ್ದೇ ಆಗಿರಬೇಕೆಂದು ಪಟ್ಟು ಹಿಡಿಯುವ ಜನರು ಆ ಪುಸ್ತಕವೂ ರೈಫಲ್ಲಿನ ಮೂಲಭಾಗವೆಂದೇ ಎಣಿಸಿ, ಅದನ್ನು ಬೀರುವಿನಲ್ಲಿ ಅದರ ಪಕ್ಕದಲ್ಲಿ, ಗಾಯಗೊಂಡು ತಪ್ಪಿಸಿಕೊಂಡವುಗಳ ಹಾಳೆಯನ್ನು ತೆರೆದು ಇರಿಸಲಿ. ಪುಸ್ತಕವಿಲ್ಲದಿದ್ದರೆ ಮನೆಯ ಹಿರಿಯರು ಬಲ್ಲಷ್ಟನ್ನು ಕೇಳಿ ಬರೆದಿಡಲಿ. ಅಂಥ ಹಾಳೆಯನ್ನು ಹರಿದುಹಾಕಿ ರೈಫಲ್ಲನ್ನು ಮಾತ್ರ ಮಾರಬಂದವನಿಂದ, ಅದು ಓಬರ್ನ್‌ಡಾರ್ಫಿನ ಅತ್ಯುತ್ತಮವಾದ ಒಡಲೇ ಆಗಿದ್ದರೂ, ಕೊಳ್ಳಲು ನಾನು ಒಪ್ಪಲಾರೆನು.